ಎಪ್ಪತ್ತನಾಲ್ಕನೇ ಗಂಟು

"ಎಣಿಸಮ್ಮ. ಊರಿಗೆಲ್ಲಾ ಕೇಳಿಸೋ ಹಾಗೆ ಎಣಿಸು," ಎಂದ ಎಂಜಿನಿಯರ್ ಅರುಣ್‌ಕುಮಾರ್, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು.

ಬೈರಮ್ಮ ಎಣಿಸಿದಳು. ಶಾಲೆಯ ಅಂಗಳದ ಶಾಮಿಯಾನದಡಿ, ಇನ್ನೂರು ಜನರ ಮುಂದೆ ಮಂಡಿಯೂರಿ, ಸತ್ತ ಗಂಡನ ಹಳೇ ಪಂಚೆಯ ಸೀಳನ್ನು ನೆಲದ ಮೇಲೆ ಉದ್ದಕ್ಕೆ ಬಿಚ್ಚುತ್ತಾ, ಅದರ ಮೇಲಿದ್ದ ಗಂಟುಗಳನ್ನು ಎಡಗೈಯಿಂದ ಒಂದೊಂದಾಗಿ ಮುಟ್ಟಿದಳು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಬೇರೆ ಬೆರಳಿರಲಿಲ್ಲ. ಮೇವು ಕತ್ತರಿಸುವ ಮಿಷಿನ್ನು ಎಂದೋ ತಿಂದುಹಾಕಿತ್ತು.

"ಮೂವತ್ತು... ಮೂವತ್ತೊಂದು..."

ಅಲ್ಲಿಗೆ ಅವಳ ಕೈ ನಿಂತಿತು. ಗಂಟು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಟ್ಟೆಯ ಸುರುಳಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಯಾಕಮ್ಮ, ಸುಸ್ತಾಯ್ತಾ?" ಎಂದ ಅರುಣ್‌ಕುಮಾರ್. "ಮುಂದೆ ಎಣಿಸು. ನಿನ್ನ ಗಂಡನ ಲೆಕ್ಕ ತಾನೆ?"

ಮೇಜಿನ ಪಕ್ಕ ನಿಂತಿದ್ದ ಸುನಂದ ಉಳಿದ ಸುರುಳಿಯನ್ನೇ ನೋಡಿದಳು. ತಾಲ್ಲೂಕಿನ ಸಾಮಾಜಿಕ ಲೆಕ್ಕ ಪರಿಶೋಧನೆಯ ಹೊಣೆ ಅವಳದು. ಸರ್ಕಾರದ ದುಡ್ಡು ಕಾಗದದಲ್ಲಿ ಎಷ್ಟಾಯಿತು, ನೆಲದ ಮೇಲೆ ಎಷ್ಟಾಯಿತು ಎಂದು ಊರವರ ಎದುರಿಗೇ ತಾಳೆ ನೋಡುವುದು ಅವಳ ಕೆಲಸ. ಹದಿಮೂರು ವರ್ಷದಲ್ಲಿ ತಾನೇ ಕರೆಸಿದ ಸಾಕ್ಷಿ ಹೀಗೆ ತನಗೇ ತಿರುಗಿದ್ದು ಇದೇ ಮೊದಲು.

ಚಿಂತಮಾನಪಲ್ಲಿಯ ನೀರಗಂಟಿ ಪೆದ್ದಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಕುಡಿಯುವ ನೀರಿನ ಬೋರು ಕೊರೆಯುವಾಗ ಲಾರಿಯ ಪಕ್ಕದಲ್ಲೇ ಒಂದು ಹಗಲು, ಒಂದು ಇರುಳು ಕೂತಿದ್ದ. ಇಪ್ಪತ್ತಡಿಯ ಒಂದೊಂದು ರಾಡು ನೆಲಕ್ಕಿಳಿದಾಗಲೂ ಮೇಲೆ ಬಂದ ಕಲ್ಲಿನ ಪುಡಿಯಲ್ಲಿ ಒಂದು ಚಿಟಿಕೆ ತೆಗೆದು, ಪಂಚೆಯ ಸೀಳಿನಲ್ಲಿಟ್ಟು, ಸಿಮೆಂಟು ಚೀಲದ ದಾರದಿಂದ ಗಂಟು ಹಾಕಿದ್ದ. ಅದೇ ಅವನ ದಫ್ತರ.

"ಮೂವತ್ತೊಂದು ರಾಡು ಮೇಡಂ. ಆರ್ನೂರಿಪ್ಪತ್ತಡಿ, ಅಷ್ಟೇ. ಇವ್ರು ಸಾವಿರದ ನಾನೂರ ಎಂಬತ್ತಡಿಗೆ ಬಿಲ್ಲು ಎತ್ತವ್ರೆ. ಬಟ್ಟೆ ಸಭೇಲೇ ಬಿಚ್ತೀನಿ," ಎಂದು ಸುನಂದಳಿಗೆ ಫೋನಿನಲ್ಲಿ ಹೇಳಿದ್ದ. ಅದಾದ ನಾಲ್ಕನೇ ದಿನ ಊರಾಚೆಯ ಕೃಷಿ ಹೊಂಡದಲ್ಲಿ ಹೆಣವಾಗಿ ತೇಲಿದ. ಕುಡಿದು ಜಾರಿದ ಎಂದು ಪೊಲೀಸರು ಬರೆದುಕೊಂಡರು. ಸೊಂಟದ ಕೆಂಪು ಉಡಿದಾರವಾಗಲಿ, ಅದಕ್ಕೆ ಕಟ್ಟಿಕೊಂಡಿರುತ್ತಿದ್ದ ಪಂಪ್‌ಹೌಸಿನ ಬೀಗದ ಕೈಯಾಗಲಿ ಹೆಣದ ಮೇಲಿರಲಿಲ್ಲ. ಕೆಸರಿನಲ್ಲಿ ಹೂತಿರಬೇಕು ಎಂದರು.

"ಯಾಕೆ ಕೊಲ್ತಾರಮ್ಮ ನೀರು ಬಿಡೋನನ್ನ? ಒಂದು ಕಾರಣ ತೋರಿಸಿ. ಸಭೆಯ ನಡಾವಳಿಯಲ್ಲಿ ಬರಲಿ, ಕೇಸು ಮತ್ತೆ ತೆಗೀತೀನಿ," ಎಂದು ಸುನಂದಳಿಗೆ ಹೇಳಿದ್ದರು ಇನ್ಸ್‌ಪೆಕ್ಟರು.

ಕಾರಣ ಈ ಬಟ್ಟೆಯಲ್ಲಿತ್ತು. ಬೈರಮ್ಮ ಇದನ್ನು ಮೊದಲೇ ತಂದುಕೊಡಲು ಬಂದಾಗ, "ಬೇಡಮ್ಮ, ಸಾಕ್ಷಿ ಜನರ ಮುಂದೆಯೇ ಬಿಚ್ಚಬೇಕು, ಅದೇ ನಿಯಮ. ಅಲ್ಲಿತನಕ ಮನೆಯಲ್ಲೇ ಜೋಪಾನವಾಗಿಡು," ಎಂದು ತಿರುಗಿ ಕಳಿಸಿದ್ದಳು ಸುನಂದ. ಈಗ ಆ ನಿಯಮ ಅವಳ ಗಂಟಲಿಗೇ ಸಿಕ್ಕಿಕೊಂಡಿತ್ತು.

"...ಎಪ್ಪತ್ತಮೂರು... ಎಪ್ಪತ್ನಾಲ್ಕು."

ಬೈರಮ್ಮನ ದನಿ ಕೊನೆಗೆ ಪಿಸುಮಾತಾಗಿತ್ತು.

"ಗಟ್ಟಿಯಾಗಿ ಹೇಳಮ್ಮ."

"ಎಪ್ಪತ್ನಾಲ್ಕು ಸ್ವಾಮಿ."

"ಎಪ್ಪತ್ನಾಲ್ಕು ಇಪ್ಪತ್ತಲಿ ಎಷ್ಟು?" ಅರುಣ್‌ಕುಮಾರ್ ಜನರತ್ತ ತಿರುಗಿ ಮೇಷ್ಟರಂತೆ ಕೇಳಿದ. "ಸಾವಿರದ ನಾನೂರ ಎಂಬತ್ತು. ನನ್ನ ಬಿಲ್ಲಲ್ಲಿ ಇರೋದೂ ಅಷ್ಟೇ. ಸತ್ತ ಮನುಷ್ಯ ಪ್ರಾಮಾಣಿಕ ಕಣ್ರೀ. ಅವನ ಹೆಸರಲ್ಲಿ ಬದುಕಿರೋರು ಸುಳ್ಳು ಹೇಳ್ತಾವ್ರೆ."

ಜನ ನಕ್ಕರು. ಪಂಚಾಯ್ತಿ ಮೆಂಬರ್ ಶ್ರೀನಿವಾಸಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ಗಡಿಸೀಮೆಯ ತೆಲುಗು ಬೆರೆಸಿ ಕೂಗಿದ. "ಒಸೇ ಬೈರಮ್ಮ, ಪರಿಹಾರದ ದುಡ್ಡಿಗೆ ಇಷ್ಟೊಂದು ನಾಟಕ ಏನಕ್ಕೆ? ಕೇಳಿದ್ದಿದ್ರೆ ನಾವೇ ಚಂದಾ ಎತ್ತಿ ಕೊಡ್ತಿದ್ವಿ ಗದಾ!"

"ನಿನ್ನಿಂದ ಬಿಲ್ಲು ನಿಂತು ಕಂಟ್ರಾಕ್ಟರು ಟ್ಯಾಂಕರ್ ಕಳಿಸ್ದೆ ಹೋದ್ರೆ ನಿನ್ನ ಮನೆ ಮುಂದೇನೇ ಬಿಂದಿಗೆ ಇಡ್ತೀವಿ ನೋಡು," ಎಂದಳು ಹಿಂದಿನ ಸಾಲಿನ ಹೆಂಗಸೊಬ್ಬಳು.

ಸಭೆ ನಡೆಸಿಕೊಡುವ ನೋಡಲ್ ಅಧಿಕಾರಿಯಾಗಿ ಬಂದಿದ್ದ ಪಶುವೈದ್ಯರು ಗಡಿಯಾರ ನೋಡಿಕೊಂಡು, "ಹಾಗಾದ್ರೆ ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ಳೋಣವಾ?" ಎಂದು ಕೇಳಿದರು.

"ಒಂದು ನಿಮಿಷ ಸಾರ್," ಎಂದಳು ಸುನಂದ.

ಅವಳು ಬಟ್ಟೆಯ ಪಕ್ಕ ನೆಲಕ್ಕೆ ಕೂತಳು. ಅವಸರ ಪಡಲಿಲ್ಲ. ಅವರೆಕಾಳಲ್ಲಿ ಹುಳುಕು ಹುಡುಕುವವಳಂತೆ ಒಂದೊಂದೇ ಗಂಟನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಾ ಹೋದಳು.

ಮೂವತ್ತೊಂದರವರೆಗೆ ದಾರವನ್ನು ಮೂರು ಸುತ್ತು ಸುತ್ತಿ, ಗಂಟು ಬಿಗಿದು, ತುದಿಯನ್ನು ಹಲ್ಲಿನಿಂದ ಕಡಿಯಲಾಗಿತ್ತು. ತುದಿಗಳು ಜಜ್ಜಿಹೋಗಿದ್ದವು. ಬಿಚ್ಚಬೇಕೆಂದರೆ ಉಗುರು ಮುರಿಯಬೇಕು.

ಮೂವತ್ತೆರಡನೆಯದರಿಂದ ದಾರ ಅದೇ, ಕೈ ಬೇರೆ. ಎರಡೇ ಸುತ್ತು. ತುದಿಯನ್ನು ಸುತ್ತಿನ ಕೆಳಗೆ ತೂರಿಸಿ ಎಳೆದು ಬಿಡಲಾಗಿತ್ತು. ಸುನಂದ ತುದಿ ಹಿಡಿದು ಮೆಲ್ಲಗೆ ಎಳೆದಳು. ಗಂಟು ತಾನಾಗಿಯೇ ಬಾಯಿ ಬಿಟ್ಟಿತು.

"ಒಂದು ಸ್ಟೀಲ್ ತಟ್ಟೆ ತಂದ್ಕೊಡಿ ಯಾರಾದ್ರೂ," ಎಂದಳು.

ಬಿಸಿಯೂಟದ ಕೋಣೆಯಿಂದ ತಟ್ಟೆ ಬಂತು. ಮೊದಲನೇ ಗಂಟನ್ನು ಕತ್ತರಿಯಿಂದ ಬಿಡಿಸಿ ಸುರಿದಳು: ಕೆಮ್ಮಣ್ಣು. ಆರನೆಯದು: ಹಳದಿ ಗರಸು. ಹದಿನೈದು: ಬೂದು ಕಲ್ಲಿನ ಹಿಟ್ಟು. ಇಪ್ಪತ್ತೆರಡು: ಕಪ್ಪು, ನಡುವೆ ಮಿಣಿಮಿಣಿ ಅಭ್ರಕ.

ಇಪ್ಪತ್ತೊಂಬತ್ತನೆಯದು ಉದುರಲಿಲ್ಲ. ಬೆಲ್ಲದ ಚೂರಿನಂತೆ ಗಟ್ಟಿಕಟ್ಟಿ ಟಣ್ ಎಂದು ತಟ್ಟೆಗೆ ಬಿತ್ತು. ಮೂವತ್ತು, ಮೂವತ್ತೊಂದೂ ಹಾಗೆಯೇ.

"ಇದೇನಿದು, ಹಿಂಗೆ ಕಟ್ಕೊಂಡೈತೆ?" ಎಂದರು ಹತ್ತಿರ ಬಂದು ಬಗ್ಗಿದ ಮುನಿಯಲ್ಲಪ್ಪ. ವಯಸ್ಸಾದವರು, ಸ್ವಂತದ ಹೊಲದಲ್ಲಿ ಆರು ಬೋರು ಕೊರೆಸಿ ಆರನ್ನೂ ಕಳೆದುಕೊಂಡವರು. ಉಂಡೆಯನ್ನು ಕೈಗೆ ತೆಗೆದುಕೊಂಡು, ಉಗುರಲ್ಲಿ ಕೆರೆದು, ಅವರೇ ಹೇಳಿದರು: "ನೀರು ಬಿದ್ದೈತೆ. ನೀರು ಸಿಕ್ಕಿದ ಮ್ಯಾಲೆ ಪುಡಿ ಕೆಸರಾಗಿ ಬರ್ತದೆ. ಒಣಗಿದ್ರೆ ಹಿಂಗೇ ಕಟ್ಕೊಳ್ತದೆ."

"ನೀರು ಸಿಕ್ಕಿದ ಮೇಲೆ ಮತ್ತೆ ಒಣ ಪುಡಿ ಬರುತ್ತಾ ತಾತ?"

"ಎಲ್ಲಿಂದ ಬರ್ತದಮ್ಮ? ಮ್ಯಾಲಿಂದ ನೀರು ಸುರೀತಾ ಇರ್ತದಲ್ಲ. ಮೇಲಕ್ಕೆ ಬರೋದೆಲ್ಲಾ ರೊಚ್ಚೇನೆ."

ಸುನಂದ ಮೂವತ್ತೆರಡನ್ನು ಸುರಿದಳು. ಒಣ ಹಿಟ್ಟು, ಬಿಳಿಬೂದು ಬಣ್ಣ. ನಲವತ್ತನ್ನು ಸುರಿದಳು. ಅದೇ ಹಿಟ್ಟು. ಐವತ್ತೈದು, ಅರವತ್ತು. ಮನೆ ಕಟ್ಟುವವರ ಮುಂದೆ ರಾಶಿ ಬಿದ್ದಿರುವ ಕ್ರಷರ್ ಪುಡಿ ಅದು ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ನಗು ನಿಂತಿತು. ಪಶುವೈದ್ಯರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ಪೆದ್ದಪ್ಪ ಹಾಕಿದ್ದು ಮೂವತ್ತೊಂದೇ ಗಂಟು," ಎಂದಳು ಸುನಂದ. "ಉಳಿದ ನಲವತ್ತಮೂರನ್ನ ಅವನು ಸತ್ತ ಮೇಲೆ ಯಾರೋ ಹಾಕಿದ್ದಾರೆ."

"ಯಾರು ಅಂತ ಅದನ್ನೂ ನೀವೇ ಹೇಳ್ಬಿಡಿ ಮೇಡಂ," ಎಂದ ಅರುಣ್‌ಕುಮಾರ್. ಅವನು ಬೆವರಲಿಲ್ಲ. ಕಾಲ ಮೇಲಿನ ಕಾಲನ್ನೂ ಇಳಿಸಲಿಲ್ಲ. ಈ ಪ್ರಶ್ನೆ ಬರಲಿ ಎಂದೇ ಕಾದವನಂತಿದ್ದ. ಸುನಂದಳಿಗೆ ಹಿಡಿಸದೇ ಹೋದದ್ದು ಅದೇ.

ಮೇಜಿನ ಮೇಲಿನ ದೇವರ ಫೋಟೋಗೆ ಕನಕಾಂಬರದ ಹಾರ ಹಾಕಿದ್ದರು. ಸುನಂದಳ ಕಣ್ಣು ಸುಮ್ಮನೆ ಅದರ ಮೇಲೆ ಹೋಗಿ, ಅಲ್ಲೇ ಕಚ್ಚಿಕೊಂಡಿತು. ಅವಳು ಎದ್ದು ಹೋಗಿ ಹಾರದ ತುದಿಯ ದಾರವನ್ನು ಹಿಡಿದಳು. ಎರಡು ಸುತ್ತು, ಕೆಳಗೆ ತೂರಿಸಿದ ತುದಿ. ಎಳೆದಳು. ಹೂವು ಪಟಪಟನೆ ಮೇಜಿನ ಮೇಲೆ ಉದುರಿತು.

ಹೂವು ಕಟ್ಟಿದವಳು ಯಾರೆಂದು ಕೇಳಬೇಕಾಗಿರಲಿಲ್ಲ. ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಮೌನಿಕಾ ಬೆಳಿಗ್ಗೆ ಅದನ್ನು ತಾನೇ ತಂದು ಫೋಟೋಗೆ ಹಾಕಿದ್ದಳು. ಅವಳ ಮನೆಯ ಹಿತ್ತಿಲಲ್ಲಿ ಎರಡು ಗುಂಟೆ ಕನಕಾಂಬರ. ತಾಯಿಗೆ ಬೆರಳಿಲ್ಲದ್ದರಿಂದ ಆಫೀಸಿಗೆ ಬರುವ ಮೊದಲು ಹೂವು ಕಟ್ಟಿ ಮಾರಾಟಕ್ಕೆ ಕೊಡುವುದು ಮಗಳ ಕೆಲಸ.

ಆ ತಾಯಿ ಬೈರಮ್ಮ. ಸತ್ತ ಪೆದ್ದಪ್ಪ ಮೌನಿಕಾಳ ಅಪ್ಪ.

ಮೌನಿಕಾ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಉದುರಿದ ಹೂವನ್ನು ಬೈರಮ್ಮ ನೋಡಿದಳು, ಪಂಚೆಯ ಗಂಟನ್ನು ನೋಡಿದಳು, ಮಗಳನ್ನು ನೋಡಿದಳು. ನೋಡಿದವಳೇ ಎದ್ದು ನಿಂತಳು.

"ನಾನೇ ಕಟ್ಟಿದ್ದು," ಎಂದಳು. "ನಲವತ್ಮೂರೂ ನಾನೇ. ನನ್ನನ್ನ ಹಿಡ್ಕೊಂಡೋಗಿ."

ಯಾರೋ ಕಿಸಕ್ಕೆಂದರು.

ಅರುಣ್‌ಕುಮಾರ್ ಈಗ ಕುರ್ಚಿಯಿಂದ ಎದ್ದ. ಬಟ್ಟೆಯಿಂದ ಬಿಚ್ಚಿದ ಒಂದು ದಾರವನ್ನೂ ತಟ್ಟೆಯಿಂದ ಒಂದು ಚಿಟಿಕೆ ಪುಡಿಯನ್ನೂ ತೆಗೆದುಕೊಂಡು ಬೈರಮ್ಮನ ಮುಂದೆ ಹಿಡಿದ. ದನಿ ತುಂಬಾ ಮೃದುವಾಗಿತ್ತು.

"ಹೌದಾ ತಾಯಿ? ಹಾಗಿದ್ರೆ ಒಂದೇ ಒಂದು ಕಟ್ಟಿ ತೋರ್ಸು."

ಬೈರಮ್ಮ ಬಟ್ಟೆಯ ಅಂಚನ್ನು ಎಡಗೈಯಲ್ಲಿ ಮಡಿಸಿ ಹಿಡಿದಳು. ಪುಡಿ ಹಾಕಿಸಿಕೊಂಡಳು. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯ ಹೆಬ್ಬೆರಳು ಕಿರುಬೆರಳಿನ ನಡುವೆ ಸಿಕ್ಕಿಸಲು ನೋಡಿದಳು. ಜಾರಿತು. ಪುಡಿ ಚೆಲ್ಲಿತು. ಇನ್ನೊಂದು ಚಿಟಿಕೆ ತೆಗೆದುಕೊಂಡಳು. ಅದೂ ಚೆಲ್ಲಿತು. ಮೂಗು, ಬಾಯಿ, ಗಲ್ಲಕ್ಕೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತು.

"ನಿಧಾನಕ್ಕೆ, ನಿಧಾನಕ್ಕೆ," ಎಂದ ಅರುಣ್‌ಕುಮಾರ್. "ಇನ್ನೂ ನಲವತ್ತೆರಡು ಐತಲ್ಲ."

ಮೊದಲು ಕೆಲವರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮುನಿಯಲ್ಲಪ್ಪ ಮುಖ ತಿರುಗಿಸಿಕೊಂಡರು.

ಸುನಂದ ಒಂದು ಮಾತು ಹೇಳಿದ್ದರೆ ಅದು ನಿಲ್ಲುತ್ತಿತ್ತು. ಹೇಳಲಿಲ್ಲ. ಅವಳು ಮೌನಿಕಾಳ ಮುಖವನ್ನೇ ನೋಡುತ್ತಿದ್ದಳು. ತಾಯಿ ಇನ್ನೆಷ್ಟು ಸಲ ಚೆಲ್ಲಿದರೆ ಮಗಳು ಬಾಯಿ ಬಿಡುತ್ತಾಳೆ ಎಂದು ಕಾಯುತ್ತಿದ್ದಳು. ಆ ತಾಳ್ಮೆಯನ್ನು ಆಮೇಲೆ ಅವಳು ತನಗೇ ಕ್ಷಮಿಸಿಕೊಳ್ಳಲಿಲ್ಲ.

ಐದನೇ ಸಲಕ್ಕೆ ದಾರ ಬೈರಮ್ಮನ ತುಟಿ ಕೊಯ್ದು ರಕ್ತ ಬಂದಾಗ ಮೌನಿಕಾ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಅಮ್ಮನ್ನ ಬಿಡಿ ಸಾರ್! ನಾನೇ ಕಟ್ಟಿದ್ದು. ನೀವು..."

"ಕೇಳಿದ್ರಾ?" ಅವನು ಅವಳ ಮಾತನ್ನು ಅಲ್ಲಿಗೇ ತುಂಡರಿಸಿ ಜನರತ್ತ ತಿರುಗಿದ. "ಬಿಲ್ಲು ಕಂಪ್ಯೂಟರಿಗೆ ಹತ್ತಿಸಿದ್ದು ಯಾರು? ಇವಳು. ಲಾಗಿನ್ ಯಾರದ್ದು? ಇವಳದ್ದು. ಒಟಿಪಿ ಬಂದಿದ್ದು ಯಾರ ಫೋನಿಗೆ? ಇವಳ ಫೋನಿಗೆ. ಈಗ ಸಾಕ್ಷೀನೂ ಇವಳೇ ತಿದ್ದವಳೆ. ಅಳತೆ ಕಮ್ಮಿ ಇದ್ರೆ ನಾನು ಯಾರನ್ನ ಕೇಳ್ಬೇಕು? ಅಪ್ಪ ಬೋರಿಗೆ ಕಾವಲು, ಮಗಳು ಬಿಲ್ಲಿಗೆ ಕಾವಲು. ಅಪ್ಪ ಮಗಳಿಗೆ ಪಾಲಲ್ಲಿ ಏನು ಜಗಳ ಬಂತೋ, ಅವನು ಹೊಂಡಕ್ಕೆ ಬಿದ್ದ. ಪೊಲೀಸರು ನೋಡ್ಕೊಳ್ಳಲಿ."

ಸಭೆ ಹೋ ಎಂದಿತು. ಈಗ ತಾನೆ ತಾಯಿಗಾಗಿ ಮುಖ ತಿರುಗಿಸಿದ್ದವರೇ ಮಗಳ ಕಡೆಗೆ ನುಗ್ಗಿದರು. "ಹೆತ್ತಪ್ಪನ್ನೇ ತಿಂದ್ಲಲ್ಲೋ!" ಎಂದು ಯಾರೋ ಕೂಗಿದರು. ಶ್ರೀನಿವಾಸಪ್ಪ ಲ್ಯಾಪ್‌ಟಾಪಿನ ಮೇಜನ್ನೇ ತಳ್ಳಿದ. ಬೈರಮ್ಮ ಮಗಳನ್ನು ತಬ್ಬಿಕೊಂಡು, "ಮುಟ್ಟಬೇಡ್ರೋ, ನನ್ನ ಮಗಳನ್ನ ಮುಟ್ಟಬೇಡ್ರೋ," ಎನ್ನುತ್ತಾ ಬೆರಳಿಲ್ಲದ ಕೈಯನ್ನೇ ಅಡ್ಡ ಹಿಡಿದಳು.

ಸುನಂದ ಅರುಣ್‌ಕುಮಾರನ ಎದುರಿಗೆ ಹೋಗಿ ನಿಂತಳು.

"ಲಾಗಿನ್ ಇವಳದ್ದು, ಸರಿ. ಆದರೆ ಅಡಿ ಅಳೆದು ಕೈಯಾರೆ ಬರೆದು ಸಹಿ ಹಾಕೋ ಎಂ.ಬಿ. ಪುಸ್ತಕ ನಿಮ್ಮದು. ಅದಕ್ಕೆ ಒಟಿಪಿ ಬರಲ್ಲ. ಅದು ಎಲ್ಲಿ?"

ಮೊದಲ ಸಲ ಅವನ ಕಣ್ಣು ಪಕ್ಕಕ್ಕೆ ಹೊರಳಿತು. ಶಾಮಿಯಾನದ ಕಂಬಕ್ಕೆ ಒರಗಿ ಇಷ್ಟು ಹೊತ್ತೂ ನಿಂತಿದ್ದ ಕದಿರೇಶನ ಕಡೆಗೆ. ಬೋರು ಕೊರೆಸಿದ ಕಂಟ್ರಾಕ್ಟರ್ ಅವನೇ. ಅವನು ಸುಮ್ಮನೆ ತಲೆಯಾಡಿಸಿದ.

"ಮುಳಬಾಗಿಲ ಆಫೀಸಲ್ಲಿದೆ," ಎಂದ ಅರುಣ್‌ಕುಮಾರ್. "ಸ್ಕ್ಯಾನ್ ಮಾಡ್ತೀನಿ ಅಂತ ಈ ಹುಡುಗೀನೇ ಇಸ್ಕೊಂಡು ಎಲ್ಲೋ ಇಟ್ಟವಳೆ. ಜೊತೇಲಿ ಬಂದು ತೋರಿಸಲಿ. ಕದಿರೇಶನ ಜೀಪಲ್ಲಿ ಹೋಗಿ ಒಂದು ಗಂಟೇಲಿ ವಾಪಸ್ ಬರ್ತೀವಿ. ಸಭೆ ಮುಗಿಸಬೇಡಿ. ನಾನೂ ನೋಡೇಬಿಡ್ತೀನಿ."

ಸುನಂದ ಯೋಚಿಸಿದಳು. ಇಲ್ಲೇ ಇದ್ದರೆ ಜನ ಹುಡುಗಿಯ ಮೇಲೆ ಕೈ ಮಾಡುತ್ತಾರೆ. ಹಾಡಹಗಲು, ಇನ್ನೂರು ಜನರ ಕಣ್ಣೆದುರಿಗೆ ಕರೆದುಕೊಂಡು ಹೋದವನು ಇನ್ನೂರು ಜನರಿಗೂ ಉತ್ತರ ಹೇಳಬೇಕು. ಪುಸ್ತಕ ಕೈಗೆ ಬಂದರೆ ಅವನು ತಪ್ಪಿಸಿಕೊಳ್ಳಲಾರ.

"ಹೋಗಿ ಬನ್ನಿ," ಎಂದಳು.

"ಬೇಡ ಮೇಡಮ್ಮ, ಬೇಡ," ಎಂದಳು ಬೈರಮ್ಮ.

"ಒಂದು ಗಂಟೆ ಅಷ್ಟೇ ಬೈರಮ್ಮ. ಇಲ್ಲಿಗಿಂತ ಅಲ್ಲೇ ಕ್ಷೇಮ."

ಮೌನಿಕಾ ತಾಯಿಯ ಕೈ ಬಿಡಿಸಿಕೊಂಡಳು. ತನ್ನ ವೇಲಿನ ತುದಿಯಿಂದ ತಾಯಿಯ ತುಟಿಯ ರಕ್ತವನ್ನೂ ಗಲ್ಲದ ಪುಡಿಯನ್ನೂ ಒರೆಸಿದಳು. ಸುನಂದಳನ್ನು ದಾಟಿ ಹೋಗುವಾಗ ಒಂದು ಕ್ಷಣ ನಿಂತಳು.

"ಅರ್ಧಂಬರ್ಧ ಬಿಚ್ಚಿ ಬಿಟ್ರಲ್ಲ ಮೇಡಂ," ಎಂದಳು. "ಕೊನೇದೂ ಬಿಚ್ಚಿ."

ಎಂಥ ಸೊಕ್ಕು ಎಂದುಕೊಂಡಳು ಸುನಂದ.

ಜೀಪು ಗೇಟಿನ ಬಳಿ ಜನರನ್ನು ಬಗೆದುಕೊಂಡು, ಹಾರನ್ನು ಒತ್ತುತ್ತಾ ಇಳಿಜಾರಿನಲ್ಲಿ ಇಳಿಯಿತು. ಸಭೆಯಲ್ಲಿ ಜಗಳ ಮುಂದುವರಿದಿತ್ತು. ಆಕ್ಷೇಪಣೆ ಬರೆಯಬೇಕೋ ಬೇಡವೋ ಎಂದು ಪಶುವೈದ್ಯರು ಮೂರು ಸಲ ಕೇಳಿದರು. ಬೈರಮ್ಮ ಚೆಲ್ಲಿದ ಪುಡಿಯನ್ನು ನೆಲದಿಂದ ಗೋರುತ್ತಿದ್ದಳು, ಗಂಡನದ್ದು ಯಾವುದು, ಮಗಳದ್ದು ಯಾವುದು ಎಂದು ತಿಳಿಯದೆ.

ಸುನಂದ ಬಟ್ಟೆಯನ್ನು ಸುತ್ತಿಡಲು ಬಗ್ಗಿದಳು. ಕೊನೆಯ ಗಂಟು ಕೈಗೆ ತಾಗಿತು. ಅದು ಮಿಕ್ಕವುಗಳ ಹಾಗೆ ಮೆತ್ತಗಿರಲಿಲ್ಲ. ಒಳಗೆ ಏನೋ ಗಟ್ಟಿಯಾಗಿ, ಉದ್ದಕ್ಕೆ ಇತ್ತು.

ಎರಡು ಸುತ್ತು. ತೂರಿಸಿದ ತುದಿ. ಎಳೆದಳು.

ಪುಡಿ ಬೀಳಲಿಲ್ಲ. ತಟ್ಟೆಗೆ ಬಿದ್ದದ್ದು ಒಂದು ಬೀಗದ ಕೈ. ಹಿತ್ತಾಳೆಯದು, ಕಿವಿ ಸವೆದದ್ದು. ಅದರ ತೂತಿನಲ್ಲಿ ಒಂದು ಗೇಣು ಕೆಂಪು ದಾರ. ದಾರದ ತುದಿ ಹರಿದಿರಲಿಲ್ಲ, ಜೂಲಾಗಿರಲಿಲ್ಲ. ಬ್ಲೇಡಿನಿಂದ ಕೊಯ್ದಂತೆ ನೇರವಾಗಿತ್ತು.

ಬೈರಮ್ಮ ಪುಡಿ ಗೋರುವುದನ್ನು ನಿಲ್ಲಿಸಿದಳು.

"ಅವ್ರ ಉಡಿದಾರ," ಎಂದಳು. "ಹೋದ ಹಬ್ಬಕ್ಕೆ ನಾನೇ ತಂದ್ಕೊಟ್ಟಿದ್ದು. ಹೆಣದ ಮೇಲೆ ಇರ್ಲಿಲ್ವಲ್ಲ ಇದು..."

ಹೊಂಡದ ಕೆಸರಿಗೆ ಹೋಗದ ಕೀಲಿ. ಕುಡಿದು ಜಾರಿದವನ ಸೊಂಟದಿಂದ ಯಾರೋ ಕೊಯ್ದುಕೊಂಡ ದಾರ. ನಿನ್ನಮ್ಮನಿಗೂ ಇದೇ ಗತಿ ಎಂದು ಹೆದರಿಸಲು ಕೊಂದವರೇ ಅದನ್ನು ಹುಡುಗಿಯ ಕೈಗೆ ಕೊಟ್ಟಿರಬೇಕು. ನಲವತ್ತಮೂರು ಸುಳ್ಳು ಗಂಟು ಹಾಕು ಎಂದವರ ಮಾತಿಗೆ ಆ ಹುಡುಗಿ ನಲವತ್ತೆರಡರಲ್ಲಿ ಮಾತ್ರ ಸುಳ್ಳು ಪುಡಿ ಕಟ್ಟಿದ್ದಳು. ಬಾಯಲ್ಲಿ ಹೇಳಲಾಗದ್ದನ್ನು ಕೊನೆಯದರಲ್ಲಿ ಕಟ್ಟಿಟ್ಟು, ಯಾರಾದರೂ ಬಿಚ್ಚಲಿ ಎಂದು ಕಾದಿದ್ದಳು. ಬಿಚ್ಚಿ ಎಂದು ಹೇಳಿಯೂ ಹೋಗಿದ್ದಳು.

ಸುನಂದ ಫೋನು ತೆಗೆದು ಒತ್ತಿದಳು. ಮೌನಿಕಾಳ ಫೋನು ಮೇಜಿನ ಮೇಲೆ, ಉದುರಿದ ಕನಕಾಂಬರದ ನಡುವೆ ಗುಂಯ್‌ಗುಟ್ಟಿತು.

ಶಾಲೆ ಇರುವುದು ದಿಬ್ಬದ ಮೇಲೆ. ಅಲ್ಲಿಂದ ಕೆರೆ ಏರಿಯ ಕೊನೆಯ ಕವಲು ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಎಡಕ್ಕೆ ಮುಳಬಾಗಿಲು. ಸುನಂದ ಗೇಟಿನತ್ತ ಓಡಿದಳು. ಅವಳಿಗಿಂತ ಮುಂದೆ ಬೈರಮ್ಮ ಓಡಿದಳು.

ಗುಂಡಿಬಿದ್ದ ಏರಿಯ ಮೇಲೆ ತೆವಳಿಕೊಂಡು ಹೋದ ಜೀಪು ಕವಲಿನಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಬಲಕ್ಕೆ ತಿರುಗಿತು. ಆ ದಾರಿ ಬೇರೆ ಯಾವ ಊರಿಗೂ ಹೋಗುವುದಿಲ್ಲ. ಕೃಷಿ ಹೊಂಡದ ದಂಡೆಯಲ್ಲಿ ಮುಗಿಯುತ್ತದೆ.